ಡಾಕ್ಟರ ದ್ವಾರಕಾನಾಥ ಕೋಟ್ನೀಸರು

ಹುಬ್ಬಳ್ಳಿಯಿಂದ ಗದಗ, ವಿಜಾಪುರ, ಹೊಟಗಿ ಮಾರ್ಗವಾಗಿ ಸೊಲ್ಲಾಪುರಕ್ಕೆ ಹೋಗುವ ರೈಲಿನ ದಾರಿಯು ನಮ್ಮವರಿಗೆ ಹೊಸದಲ್ಲ. ಗಿರಣಿಯ ಕೆಲಸವನ್ನು ಹುಡುಕಿಕೊಂಡು, ಸಿದ್ಧರಾಮೇಶ್ವರನ ಜಾತ್ರೆಯ ಪೇಟೆಗೆ ದನ ಹೊಡೆದುಕೊಂಡು, ಎಷ್ಟೋ ಕನ್ನಡಿಗರು ಆ ಊರಿಗೆ ಹೋಗಿ ಬಂದಿದ್ದಾರೆ. ಹಿಂದೆ ಆ ಜಿಲ್ಲೆಯೂ ನಮ್ಮ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ಆ ಊರಲ್ಲಿ 1910ನೆಯ ಇಸವಿ ಅಕ್ಟೋಬರ 10ರಂದು ಹುಟ್ಟಿದ ಒಬ್ಬ ಮನುಷ್ಯನ ಸಮಾಧಿಯು ಇಂದು ಚೀನಾ ದೇಶದಲ್ಲಿರುತ್ತದೆ. ಅವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇನೆ.

ದ್ವಾರಕಾನಾಥರ ತಂದೆಯ ಹೆಸರು ಶಾಂತಾರಾಮ. ಮನೆಯಲ್ಲಿ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಬಹಳ ಮಂದಿ. ಇಂಥಾ ಮನೆಯಿಂದ ಒಬ್ಬ ಮಗನನ್ನು ಮುಂಬಯಿಗೆ ಕಳುಹಿಸಿ ವೈದ್ಯವಿದ್ಯೆಯನ್ನು ಕಲಿಸುವದು ಸಣ್ಣ ಮಾತಲ್ಲವೆಂದು ಮಕ್ಕಳನ್ನು ಓದಿಸಿದವರೆಲ್ಲರೂ ಬಲ್ಲರು. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ವೈದ್ಯರ ಕಾಲೇಜು ಇರಲಿಲ್ಲ. ಹುಬ್ಬಳ್ಳಿಯ ಕಾಲೇಜು ಸ್ಥಾಪನೆಯಾದದ್ದು 1957ರಲ್ಲಿ. ಮಗನು ಮುಂಬಯಿಯ ಗೋರ್ಧನದಾಸ ಸುಂದರದಾಸ ಕಾಲೇಜಿನಲ್ಲಿ ಕಲಿತು ಡಾಕ್ಟರನಾದನು. ಇನ್ನು ಸಂಪಾದಿಸಿ ಮನೆಯವರಿಗೆ ಆಧಾರವಾಗುವನೆಂದು ತಂದೆಯು ನಿರೀಕ್ಷಿಸಿದ್ದರೆ ಅದರಲ್ಲಿ ತಪ್ಪೇನು?

ಹೀಗಿರಲಾಗಿ 1937ರಲ್ಲಿ ಜಪಾನಿನವರು ಚೀನಾ ದೇಶದ ಮೇಲೆ ದಂಡೆತ್ತಿ ಬಂದರು. ಗಾಯಪಟ್ಟವರು ಲೆಕ್ಕವಿಲ್ಲದಷ್ಟು, ವೈದ್ಯರು ಕೊಂಚ. ಚೀನೀ ಸೇನಾಪತಿ ಜೂ ದೆ ಎಂಬವರು ಜವಾಹರಲಾಲ ನೆಹರೂರವರಿಗೆ ಸಹಾಯಕ್ಕಾಗಿ ಬರೆದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರನ್ನು ಬೇಡಿಕೊಳ್ಳಲು 22,000 ರೂಪಾಯಿ ಕೂಡಿತು. ಐವರು ವೈದ್ಯರು ಹೊರಟರು: ಅಲಹಾಬಾದಿನ ಅಟಲ್, ನಾಗಪುರದ ಚೋಳಕರ, ಕಲಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ್. ಕೋಟ್ನೀಸರ ಮನೆಯವರಿಗಾದರೋ ಚೀನಾ ಎಂದರೆ ಬಾಗಲಿಗೆ ರೇಷ್ಮೆ ಮಾರಲಿಕ್ಕೆ ಬರುತ್ತಿದ್ದ ಜನರ ದೇಶ ಎಂಬದರ ಹೊರತು ಹೆಚ್ಚೇನೂ ತಿಳಿದಿರಲಿಲ್ಲ. ಆದರೂ ಅವರು ಕಳುಹಿಸಿಕೊಟ್ಟರು. 1938ನೆಯ ಸಪ್ಟಂಬರದಲ್ಲಿ ಹಡಗು ಮುಂಬಯಿಯನ್ನು ಬಿಟ್ಟಿತು.

ಚೀನಾದಲ್ಲಿ ಐವರೂ ಆ ದೇಶದ ರೀತಿಗೆ ಅನುಸಾರವಾಗಿ ಹೊಸ ಹೆಸರುಗಳನ್ನು ಹೊಂದಿದರು. ಪ್ರತಿಯೊಂದರ ಕೊನೆಗೆ ಚೀನಾ ಎಂಬರ್ಥದ ಹುವಾ ಎಂಬ ಅಕ್ಷರವನ್ನು ಸೇರಿಸಲಾಯಿತು. ಕೋಟ್ನೀಸರು ಕೆ ದಿಹುವಾ ಆದರು. ವಾಚಕರು ಈ ಅಕ್ಷರವನ್ನು ನೆನಪಿನಲ್ಲಿಡಬೇಕು.

ಅವರು ಉತ್ತರದ ಯೆನಾನ್ ಊರನ್ನು ಮುಟ್ಟುವದಕ್ಕೆ ಮುಂಚೆಯೇ ತಂದೆ ತೀರಿಕೊಂಡ ವರ್ತಮಾನ ಬಂತು. ಜೊತೆಯವರು ಹಿಂದಿರುಗಿರೆಂದರು. ಅವರು ಹಿಂದಿರುಗಲಿಲ್ಲ. ಈ ಸ್ಥಳದಲ್ಲಿ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. ತಂದೆಯ ಮಣ್ಣಿಗೆ ಮಗನು ಬಾರದಿದ್ದರೆ ನಮ್ಮ ಹಳ್ಳಿಗಳಲ್ಲಿ ಏನನ್ನುತ್ತಾರೆಂದು ನನಗೂ ನಿಮಗೂ ಗೊತ್ತು. ತಾಯಿಯೂ ಒಡಹುಟ್ಟಿದವರೂ ಮನೆಯಲ್ಲಿ ಅಳುತ್ತಿರಲು ದೂರ ನಿಂತದ್ದು ಸುಲಭವಾಗಿತ್ತೆಂದು ಯಾರೂ ನೆನಸಬಾರದು. ಅದರಿಂದ ಆ ಮನೆಗೆ ನಷ್ಟವಾಗಲಿಲ್ಲವೆಂದೂ ನಾನು ಹೇಳಲಾರೆ. ಮಗನನ್ನು ಓದಿಸಿದ ತಂದೆಯು ಅವನ ವಿದ್ಯೆಯ ಫಲವನ್ನು ಕಾಣಲಿಲ್ಲ. ಫಲವು ಸಾವಿರಾರು ಮೈಲಿಗಳಾಚೆ, ಹೆಸರು ತಿಳಿಯದ ಸಿಪಾಯಿಗಳಿಗೂ ಒಕ್ಕಲಿಗರಿಗೂ ದೊರೆಯಿತು.

ಅಲ್ಲಿಂದ ಅವರು ಜಪಾನೀ ದಂಡಿನ ಬೆನ್ನ ಹಿಂದಿನ ಗುಡ್ಡಗಾಡಿಗೆ ಹೋದರು. ಅಲ್ಲಿ ದವಾಖಾನೆಯೆಂದರೆ ಹಳ್ಳಿಯ ಮನೆಗಳೇ. ಶತ್ರುವು ಬಂದರೆ ಗಾಯಾಳುಗಳನ್ನು ಎತ್ತಿಕೊಂಡು ಮತ್ತೊಂದು ಹಳ್ಳಿಗೆ ಹೋಗಬೇಕು. 1940ರ ಒಂದು ಕಾಳಗದಲ್ಲಿ ಅವರು 72 ತಾಸು ನಿದ್ರೆಯಿಲ್ಲದೆ ಶಸ್ತ್ರಕ್ರಿಯೆಗಳನ್ನು ನಡಿಸಿದರೆಂದು ಹೇಳುತ್ತಾರೆ. ಮೈಬಣ್ಣದ ನಿಮಿತ್ತವೂ ಆರೈಕೆಯ ನಿಮಿತ್ತವೂ ಹಳ್ಳಿಯವರು ಅವರಿಗೆ ಕರಿಯ ತಾಯಿ ಎಂದು ಹೆಸರಿಟ್ಟರು. ಗಂಡಸಿಗೆ ತಾಯಿಯೆಂಬ ಹೆಸರು ಸುಮ್ಮನೆ ಬರುವದಿಲ್ಲ.

ಆ ಸೀಮೆಯಲ್ಲಿ ಅವರಿಗಿಂತ ಮುಂಚೆ ಕೆನಡಾ ದೇಶದ ಡಾಕ್ಟರ ನಾರ್ಮನ್ ಬೆಥೂನ್ ಎಂಬವರು ಕೆಲಸ ಮಾಡಿ, ಶಸ್ತ್ರಕ್ರಿಯೆಯಲ್ಲಿ ಬೆರಳಿಗಾದ ಗಾಯದಿಂದ ರಕ್ತವು ನಂಜೇರಿ, 1939ನೆಯ ನವಂಬರದಲ್ಲಿ ಸತ್ತಿದ್ದರು. ಇವರು ಪ್ರೆಸ್ಬಿಟೇರಿಯನ್ ಸಭೆಯ ಪಾಲಕರೊಬ್ಬರ ಮಗನು, ಮತದಲ್ಲಿ ಸಾಮ್ಯವಾದಿ. ಕೋಟ್ನೀಸರೂ 1942ರಲ್ಲಿ ಚೀನೀ ಸಾಮ್ಯವಾದಿ ಪಕ್ಷಕ್ಕೆ ಸೇರಿದರು. ಇದನ್ನು ಮುಚ್ಚಿಟ್ಟು ಬರೆಯುವದು ಸತ್ಯವಲ್ಲವಾದದರಿಂದ ಹೇಳಿದ್ದೇನೆ. ಬೆಥೂನರ ಸ್ಮಾರಕವಾದ ದವಾಖಾನೆಗೆ 1941ರಲ್ಲಿ ಕೋಟ್ನೀಸರೇ ಮುಖ್ಯಸ್ಥರಾದರು.

ಬೆಥೂನರ ಸಮಾಧಿಯ ಬಳಿ ಕೂಡಿದ ಸಭೆಯಲ್ಲಿ ಗುವೊ ಚಿಂಗ್‌ಲಾನ್ ಎಂಬಾಕೆಯು ಅವರನ್ನು ಮೊದಲು ಕಂಡಳು. ಈಕೆ ದಾದಿಯರಿಗೆ ಪಾಠ ಹೇಳುವವಳು. ಪರದೇಶಿಯಾದ ವೈದ್ಯನು ಚೀನೀ ಭಾಷೆಯನ್ನು ಮಾತಾಡುವದನ್ನೂ ಓದುವದನ್ನೂ ಕಂಡು ಆಕೆಗೆ ಆಶ್ಚರ್ಯವಾಯಿತು. 1941ರ ಕೊನೆಯಲ್ಲಿ ಅವರ ಮದುವೆಯಾಯಿತು. 1942ನೆಯ ಆಗಸ್ಟ 23ರಂದು ಗಂಡುಮಗು ಹುಟ್ಟಿತು. ಸೇನಾಪತಿ ನ್ಯೆ ರೊಂಗ್‌ಜೆನ್ ಎಂಬವರು ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಹಿಂದುಸ್ತಾನ; ಹುವಾ ಎಂದರೆ ಏನೆಂಬದನ್ನು ವಾಚಕರು ಬಲ್ಲರು. ತಂದೆಯ ದೇಶವೂ ತಾಯಿಯ ದೇಶವೂ ಆ ಕೂಸಿನಲ್ಲಿ ಒಂದಾದವು.

ಕೋಟ್ನೀಸರಿಗೆ ಮೂರ್ಛೆರೋಗವು ಹತ್ತಿತ್ತು. ಬೇರೆ ಕಡೆಗೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಮೇಲಿನವರು ಒತ್ತಾಯಪಡಿಸಿದರೂ ಅವರು ಸ್ಥಳವನ್ನು ಬಿಡಲಿಲ್ಲ. ಹಗಲು ರೋಗಿಗಳನ್ನು ನೋಡುವರು, ವಿದ್ಯಾರ್ಥಿಗಳಿಗೆ ಕಲಿಸುವರು. ಅವರಿಗಾಗಿ ಶಸ್ತ್ರವೈದ್ಯದ ಪುಸ್ತಕವನ್ನೂ ಬರೆಯುತ್ತಿದ್ದರು. ಪುಸ್ತಕ ಮುಗಿಯಲಿಲ್ಲ. ಡಿಸೆಂಬರ 9ರಂದು, 32ನೆಯ ವಯಸ್ಸಿನಲ್ಲಿ, ತಾಂಗ್ ಜಿಲ್ಲೆಯ ಗೆಗೊಂಗ್ ಎಂಬ ಹಳ್ಳಿಯಲ್ಲಿ ರೋಗವು ಮೇಲಿಂದ ಮೇಲೆ ಬಡಿದು ಅವರು ತೀರಿಕೊಂಡರು. ಮಗುವಿಗೆ ಆಗ ಹುಟ್ಟಿ 108 ದಿವಸಗಳಾಗಿದ್ದವು. ಸ್ವಂತ ಮನೆಯ ತೊಟ್ಟಿಲನ್ನು ತೂಗಲಿಕ್ಕೆ ಅವರಿಗೆ ಸಿಕ್ಕ ಕಾಲವು ಅಷ್ಟೇ. ಅದರಲ್ಲಿಯೂ ಬಹುಪಾಲು ದವಾಖಾನೆಯ ಪಾಲಾಗಿರಬೇಕು.

ಕೂಡ ಹೋದ ನಾಲ್ವರು ವೈದ್ಯರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು. ಕೋಟ್ನೀಸರ ಸಮಾಧಿಯು ಈಗ ಶಿಜಿಯಾಜುವಾಂಗ್ ಪಟ್ಟಣದಲ್ಲಿರುತ್ತದೆ. ಬೆಥೂನರ ಸಮಾಧಿಯೂ ಅಲ್ಲಿಯೇ. ಚೀನೀಯರು ಸತ್ತ ಹಿರಿಯರ ಗೋರಿಗಳನ್ನು ಶುದ್ಧಮಾಡುವ ಚಿಂಗ್‌ಮಿಂಗ್ ದಿವಸದಲ್ಲಿ ಅವರಿಗೂ ಹೂವು ಬರುತ್ತದೆ. ನಮ್ಮ ದೇಶದಲ್ಲಿ 1946ರಲ್ಲಿ ವಿ. ಶಾಂತಾರಾಮರು ಅವರ ವಿಷಯವಾಗಿ ತೆಗೆದ ಚಲನಚಿತ್ರದಿಂದ ಅವರ ಹೆಸರು ಊರೂರಿಗೆ ತಿಳಿಯಿತು.

ಮಗನಾದ ಯಿನ್‌ಹುವಾ ತಂದೆಯ ವಿದ್ಯೆಯನ್ನೇ ಆರಿಸಿಕೊಂಡನು. ಆದರೆ ವೈದ್ಯವಿದ್ಯೆಯನ್ನು ಕಲಿಯುತ್ತಿರುವಾಗಲೇ 1967ರಲ್ಲಿ ಸತ್ತನು. ಗಂಡನನ್ನೂ ಮಗನನ್ನೂ ಕಳಕೊಂಡ ಗುವೊ ಚಿಂಗ್‌ಲಾನರು 2012ರ ವರೆಗೆ ಬದುಕಿದರು. ಗಂಡನ ಒಡಹುಟ್ಟಿದವರನ್ನು ಅವರು ತಮ್ಮವರೆಂದೇ ಎಣಿಸಿ, ಅವರನ್ನು ನೋಡುವದಕ್ಕೆ ಅನೇಕ ಸಾರಿ ಹಿಂದುಸ್ತಾನಕ್ಕೆ ಬಂದುಹೋದರು.