ಬಲಿಪೂಜೆ ತಪ್ಪಿಸದ ತರಬೇತುಗಾರ

ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ನಗರದಲ್ಲಿ 1963ರಲ್ಲಿ ತೆರೆದ ಒಂದು ಕೀರ್ತಿಭವನವಿದೆ. ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ಆಟಗಾರರ ಹಾಗೂ ತರಬೇತುಗಾರರ ಕಂಚಿನ ಮೂರ್ತಿಗಳು ಅಲ್ಲಿ ಸಾಲಾಗಿ ನಿಂತಿವೆ. ಇದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಗೋಡೆಯನ್ನು ಭೇದಿಸಿ ಮುನ್ನುಗ್ಗುವ ಒರಟು ಆಟ. ಆ ಸಾಲಿನಲ್ಲಿರುವ ವಿನ್ಸ್ ಲೊಂಬಾರ್ಡಿ ಒಂದು ಕಾಲದಲ್ಲಿ ಧರ್ಮಗುರುವಾಗಲು ಹೊರಟಿದ್ದವರು ಎಂದರೆ ನಿಮಗೆ ಅಚ್ಚರಿಯಾದೀತು.

1913ರ ಜೂನ್ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಇಟಲಿ ಮೂಲದ ಮಾಂಸದ ವ್ಯಾಪಾರಿಯೊಬ್ಬರ ಹಿರಿಯ ಮಗನಾಗಿ ಅವರು ಜನಿಸಿದರು. ಬಾಲ್ಯದಲ್ಲಿ ಪೀಠಸೇವಕರಾಗಿದ್ದು, 1928ರಲ್ಲಿ ಗುರುಮಠದ ಶಾಲೆ ಸೇರಿದರು. ನಾಲ್ಕು ವರ್ಷಗಳ ಬಳಿಕ ಆ ದಾರಿ ಬಿಟ್ಟು ಹೊರಬಂದರು. ಮುಂದೆ ಯೇಸುಸಭೆಯವರ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿನ ತಂಡದಲ್ಲಿ ಆಡಿ, 1937ರಲ್ಲಿ ಪದವಿ ಪಡೆದರು.

ಗುರುಮಠ ಬಿಟ್ಟರೂ ಅವರು ಬಲಿಪೂಜೆಯನ್ನು ಬಿಡಲಿಲ್ಲ. 1939ರಲ್ಲಿ ನ್ಯೂಜೆರ್ಸಿಯ ಸಂತ ಸಿಸಿಲಿಯ ಶಾಲೆಯಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುವ ಅಧ್ಯಾಪಕರಾದರು. ಜೊತೆಗೆ ಮಕ್ಕಳಿಗೆ ಆಟದ ತರಬೇತಿ. 1940ರಲ್ಲಿ ಮರೀ ಎಂಬುವರನ್ನು ವಿವಾಹವಾದರು. ನಂತರದ ವರ್ಷಗಳಲ್ಲಿ ದೊಡ್ಡ ತಂಡಗಳ ಸಹಾಯಕ ತರಬೇತುಗಾರರಾಗಿ ದುಡಿದರೂ ಮುಖ್ಯ ಹುದ್ದೆ ಮಾತ್ರ ದೂರವೇ ಉಳಿಯಿತು. ತಮ್ಮ ಇಟಲಿ ಹೆಸರೇ ಅಡ್ಡಿಯಾಯಿತೆಂಬ ನೋವು ಅವರಿಗಿತ್ತು.

1959ರಲ್ಲಿ, 45ನೆಯ ವಯಸ್ಸಿನಲ್ಲಿ, ಗ್ರೀನ್ ಬೇ ಎಂಬ ಸಣ್ಣ ಊರಿನ ಪ್ಯಾಕರ್ಸ್ ತಂಡ ಅವರನ್ನು ಕರೆಯಿತು. ಹಿಂದಿನ ವರ್ಷ ಆ ತಂಡ 12 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು! ಲೊಂಬಾರ್ಡಿಯವರ ಒಂಬತ್ತು ವರ್ಷಗಳಲ್ಲಿ ಅದೇ ತಂಡ ಐದು ಬಾರಿ ರಾಷ್ಟ್ರೀಯ ಲೀಗಿನ ಚಾಂಪಿಯನ್ ಆಯಿತು. ಆ ವರ್ಷಗಳಲ್ಲೂ ಅವರು ಪ್ರತಿದಿನ ಬಲಿಪೂಜೆಗೆ ಹೋಗುತ್ತಿದ್ದರು. ಕೆಲವೊಮ್ಮೆ ತಾವೇ ಪೀಠಸೇವೆಗೆ ನಿಲ್ಲುತ್ತಿದ್ದರು.

ಹಾಗೆಂದು ಅವರನ್ನು ಸಂತರೆಂದು ಭಾವಿಸಬೇಡಿ. ಅವರ ಕೋಪಕ್ಕೆ ಬಲಿಷ್ಠ ಆಟಗಾರರೂ ನಡುಗುತ್ತಿದ್ದರು. ಆದರೆ ಅನ್ಯಾಯವನ್ನು ಅವರು ಸಹಿಸುತ್ತಿರಲಿಲ್ಲ. ಕಪ್ಪು ಆಟಗಾರರಿಗೆ ಊಟ ನೀಡಲು ಒಪ್ಪದ ಅಂಗಡಿಗೆ ತಂಡದ ಯಾರೊಬ್ಬರೂ ಕಾಲಿಡುವುದಿಲ್ಲವೆಂದು ಊರಿನ ವ್ಯಾಪಾರಿಗಳಿಗೆ ಸ್ಪಷ್ಟವಾಗಿ ತಿಳಿಸಿದರು. ತಾವು ಉಂಡ ನೋವನ್ನು ಇತರರು ಉಣ್ಣಬಾರದೆಂಬುದು ಅವರ ಹಟ.

ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ತಂಡಕ್ಕೆ ತಂದೆಯಂತಿದ್ದ ಅವರ ಸಮಯ, ಮನೆಯ ಇಬ್ಬರು ಮಕ್ಕಳಿಗೆ ಸಾಕಷ್ಟು ಸಿಗಲಿಲ್ಲ. ಗೆಲುವಿನ ಹಿಂದೆ ಓಡುವ ಆ ವರ್ಷಗಳ ಭಾರವನ್ನು ಪತ್ನಿಯೂ ಮಕ್ಕಳೂ ಹೊತ್ತರು. ದೇವರು, ಕುಟುಂಬ, ತಂಡ ಎಂಬ ಕ್ರಮವನ್ನು ಆಟಗಾರರಿಗೆ ಬೋಧಿಸಿದವರಿಗೂ ಆ ಎರಡನೆಯ ಪಾಠ ಕಠಿಣವಾಯಿತು.

1969ರಲ್ಲಿ ವಾಷಿಂಗ್ಟನ್ ತಂಡಕ್ಕೆ ಒಂದು ವರ್ಷ ತರಬೇತಿ ನೀಡಿದ ಅವರು, ಕರುಳಿನ ಕ್ಯಾನ್ಸರಿನಿಂದ 1970ರ ಸೆಪ್ಟೆಂಬರ್ 3ರಂದು 57ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ಕರ ಪ್ರಧಾನಾಲಯದಲ್ಲಿ ಅಂತ್ಯಸಂಸ್ಕಾರದ ಪೂಜೆ ನಡೆಯಿತು. ಕೀರ್ತಿಭವನ ಅವರನ್ನು ಗೌರವಿಸಿದ್ದು ಮರುವರ್ಷ, 1971ರಲ್ಲಿ. ಸೂಪರ್ ಬೌಲ್ ಪಂದ್ಯದ ಟ್ರೋಫಿಗೂ ಅವರ ಹೆಸರೇ ಇದೆ. ಅವರು ಬೆಳೆಸಿದ ಹತ್ತಕ್ಕೂ ಹೆಚ್ಚು ಆಟಗಾರರು ಅದೇ ಭವನ ಸೇರಿದರು. ಅವರಲ್ಲೊಬ್ಬರಾದ ಜೆರ್ರಿ ಕ್ರೇಮರ್ ಆಟ ನಿಲ್ಲಿಸಿದ್ದು 1968ರಲ್ಲಿ. ಅವರಿಗೆ ಆ ಗೌರವ ಸಿಕ್ಕಿದ್ದು 2018ರಲ್ಲಿ.

ನೋಡಿ, ಮನುಷ್ಯರು ಕೊಡುವ ಗೌರವ ಕೆಲವೊಮ್ಮೆ ತಡವಾಗಿ ಬರುತ್ತದೆ. ಕೆಲವೊಮ್ಮೆ ಕಣ್ಮುಚ್ಚಿದ ಮೇಲೆ. ಲೊಂಬಾರ್ಡಿಯವರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ಪ್ರತಿ ಬೆಳಿಗ್ಗೆ ದೇವರ ಮುಂದೆ ಮಂಡಿಯೂರಿ ದಿನದ ಕೆಲಸಕ್ಕೆ ಎದ್ದರು. ಅವರಿಂದ ಆ ನಿಷ್ಠೆಯನ್ನು ಕಲಿಯೋಣ. ಮನೆಯವರೊಂದಿಗೆ ಅವರು ಕಳೆಯಲಾಗದೆ ಹೋದ ಹೊತ್ತನ್ನು ನಾವಾದರೂ ಕಳೆದುಕೊಳ್ಳದಿರೋಣ. ನಿಮ್ಮ ಕೆಲಸ ಎಷ್ಟೇ ಇರಲಿ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಗನನ್ನೋ ಮಗಳನ್ನೋ ಹತ್ತಿರ ಕರೆದು, ಅವರ ದಿನ ಹೇಗಿತ್ತೆಂದು ಕೇಳುವಿರಲ್ಲವೇ?