ಪಂಡಿತಾ ರಮಾಬಾಯಿ: ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಸಿಗದಿದ್ದಾಗ

 

ಇವತ್ತು ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಶುರು ಮಾಡ್ತೀನಿ. ಸೇವೆಗೆ ಬಂದ ಹೊಸದರಲ್ಲಿ, ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯ ಮನೆಗೆ ಹೋಗಿದ್ದೆ. ದೇವರು ಯಾಕೆ ಹೀಗೆ ಮಾಡಿದ ಅಂತ ಆಕೆ ಕೇಳಿದ್ರು. ಬೈಬಲ್ ಕಾಲೇಜು ಮುಗಿಸಿ ಬಂದಿದ್ದೆ, ನನ್ನ ಹತ್ರ ಉತ್ತರ ಇರಲೇಬೇಕು ಅಂದ್ಕೊಂಡೆ. ಅರಿಕೆ ಮಾಡದ ಪಾಪ ಏನಾದ್ರೂ ಇದೆಯಾ, ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಅಂದುಬಿಟ್ಟೆ. ಆಕೆ ಏನೂ ಮಾತಾಡಲಿಲ್ಲ. ಆಮೇಲೆ ಸಭೆಗೂ ಬರಲಿಲ್ಲ.

ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ರು. ಅಲ್ಲಿಯವರೆಗೂ ಚೆನ್ನಾಗಿತ್ತು. ಬಾಯಿ ಬಿಟ್ಟ ಮೇಲೇ ಕೆಟ್ಟದ್ದು. ನಾನೂ ಅವರ ಸಾಲಿಗೇ ಸೇರಿದವನು.

ಅದಕ್ಕೇ ಇವತ್ತು ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ದೇವದಾಸಿಯ, ಅಂದರೆ ದೇವರ ಸೇವಕಿಯ, ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಆಕೆಯೇ ಪಂಡಿತಾ ರಮಾಬಾಯಿ.

1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ರಮಾಬಾಯಿ ಹುಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋ ಜಾಗ ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ವಿರೋಧ ಬಂದಾಗ ಕಾಡಿಗೇ ಹೋಗಿ ಮನೆ ಕಟ್ಟಿದವರು. ಮಗಳು ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಅಲ್ಲಿಂದಲೂ ಹೊರಟಿತು. ಊರಿಂದೂರಿಗೆ ಹೋಗಿ ದೇವಸ್ಥಾನಗಳಲ್ಲಿ ಪುರಾಣ ಓದೋದೇ ಅವರ ಬದುಕಾಯ್ತು.

1870ರ ದಶಕದಲ್ಲಿ ಬರಗಾಲ ಬಂತು. ಕೈಯಲ್ಲಿ ಇದ್ದದ್ದೆಲ್ಲಾ ಖಾಲಿ. ತಾವು ನಂಬಿದ ದೇವರುಗಳಿಗೆ ಉಪವಾಸ, ಹರಕೆ, ದಾನ ಎಲ್ಲವನ್ನೂ ಮಾಡಿದರು. ಕಾಡಿನಲ್ಲಿ ಎಲೆ ತಿಂದು ನೀರು ಕುಡಿದು ದಿನ ಕಳೆದರು. ತಂದೆ ತೀರಿಹೋದರು. ಕೆಲವೇ ವಾರಗಳಲ್ಲಿ ತಾಯಿ, ಆಮೇಲೆ ಅಕ್ಕ. ತಾಯಿಯ ಶವ ಹೊರಲು ಸಾಕಷ್ಟು ಜನ ಸಿಗಲಿಲ್ಲ. ಹದಿನಾರು ವರ್ಷದ ಈ ಹುಡುಗಿಯೇ ಚಟ್ಟಕ್ಕೆ ಹೆಗಲು ಕೊಡಬೇಕಾಯ್ತು. ಕುಳ್ಳಗಿದ್ದದ್ದರಿಂದ ಹೆಗಲು ಎಟುಕಲಿಲ್ಲ, ತಲೆಯ ಮೇಲೆ ಹೊತ್ತುಕೊಂಡು ನಡೆದಳು. ಪ್ರಿಯರೇ, ಆ ಹುಡುಗಿಯನ್ನು ಒಂದು ನಿಮಿಷ ಕಣ್ಣ ಮುಂದೆ ತಂದ್ಕೊಳ್ಳಿ.

ಉಳಿದದ್ದು ಅಣ್ಣ ಶ್ರೀನಿವಾಸ ಒಬ್ಬನೇ. ಇಬ್ಬರೂ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಆಕೆಯ ವಿದ್ಯೆ ನೋಡಿ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಅನ್ನೋ ಬಂಗಾಳಿ ವಕೀಲರ ಜೊತೆ ಮದುವೆ, ಮುಂದಿನ ವರ್ಷ ಮಗಳು ಮನೋರಮಾ. ಇನ್ನು ಸುಖ ಅಂದ್ಕೊಳ್ಳುವಷ್ಟರಲ್ಲಿ, 1882ರಲ್ಲಿ ಕಾಲರಾ ಬಂದು ಗಂಡನೂ ತೀರಿಕೊಂಡರು. 23 ವರ್ಷಕ್ಕೆ ವಿಧವೆ, ಕೈಯಲ್ಲಿ ಹಾಲುಗಲ್ಲದ ಮಗು.

ಆ ಕಾಲದಲ್ಲಿ ಗಂಡ ಸತ್ತರೆ ಹೆಂಡತಿಯ ಪಾಪದ ಫಲ ಅಂತಿದ್ರು. ನೊಂದವಳ ಮೇಲೇ ತಪ್ಪು ಹೊರಿಸೋದು. ಆದ್ರೆ ಸಹೋದರರೇ, ನಾನು ಆ ತಾಯಿಗೆ ಹೇಳಿದ್ದು ಅದಕ್ಕಿಂತ ಬೇರೆಯಾಗಿತ್ತಾ? ಅದೇ ಮಾತು, ಬೈಬಲಿನ ಬಟ್ಟೆ ಹಾಕಿತ್ತು ಅಷ್ಟೇ. ಯೋಹಾನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಅದನ್ನೇ ಕೇಳ್ತಾರೆ, ಪಾಪ ಯಾರದ್ದು ಅಂತ. ಯೇಸು ಆ ಲೆಕ್ಕಕ್ಕೇ ಇಳಿಯಲಿಲ್ಲ. ಅವನ ಹತ್ತಿರ ಹೋದ, ಕಣ್ಣಿಗೆ ಕೈ ಮುಟ್ಟಿಸಿದ.

1883ರಲ್ಲಿ ಓದಲಿಕ್ಕೆ ರಮಾಬಾಯಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಫುಲ್‌ಹ್ಯಾಮ್‌ನಲ್ಲಿ, ಸಮಾಜ ಬಿದ್ದವರು ಅಂತ ತಳ್ಳಿಬಿಟ್ಟಿದ್ದ ಹೆಂಗಸರಿಗೆ ಸೇವೆ ಮಾಡೋ ಸಿಸ್ಟರ್‌ಗಳನ್ನು ಕಂಡರು. ಇವರನ್ನು ಯಾಕೆ ಪ್ರೀತಿಸ್ತೀರಿ ಅಂತ ಕೇಳಿದಾಗ ಸಿಕ್ಕಿದ್ದು ಬಾವಿಯ ಹತ್ತಿರ ಯೇಸುವನ್ನು ಸಂಧಿಸಿದ ಸಮಾರ್ಯದ ಸ್ತ್ರೀಯ ಕಥೆ. ಸತ್ತವರು ಯಾಕೆ ಸತ್ತರು ಅಂತ ಯಾರೂ ಆಕೆಗೆ ವಿವರಿಸಲಿಲ್ಲ. ಆದರೆ ನೊಂದವಳ ಪಕ್ಕ ಕೂರುವ ದೇವರನ್ನು ಆಕೆ ಕಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಗಳ ಜೊತೆ ದೀಕ್ಷಾಸ್ನಾನ ತಗೊಂಡರು.

ವಾಪಸ್ ಬಂದು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರಲ್ಲಿ ಮಧ್ಯ ಭಾರತದಲ್ಲಿ ಭೀಕರ ಬರಗಾಲ. ಎಲೆ ತಿಂದು ಬದುಕಿದ್ದ ಹುಡುಗಿಗೆ ಹಸಿವು ಗೊತ್ತಿತ್ತು. ತಾವೇ ಹೊರಟು ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರ ಕೇಡಗಾಂವ್‌ನಲ್ಲಿ ಆಶ್ರಯ ಕಟ್ಟಿದರು. ಅದರ ಹೆಸರು ಮುಕ್ತಿ. 1900ರ ಗುಜರಾತ್ ಬರಗಾಲದ ನಂತರ ಅಲ್ಲಿ 1,500ಕ್ಕೂ ಹೆಚ್ಚು ಜನ. ನೋಡ್ರಿ, ಬರಗಾಲ ಒಳ್ಳೇದಲ್ಲ, ಅದನ್ನು ನಾನು ಒಳ್ಳೇದು ಅನ್ನಲ್ಲ. ಆದರೆ ದೇವರು ಆ ಗಾಯವನ್ನು ವ್ಯರ್ಥ ಮಾಡಲಿಲ್ಲ.

1905ರ ಜೂನ್ ಕೊನೆಯಲ್ಲಿ, ತಿಂಗಳುಗಟ್ಟಲೆ ಪ್ರಾರ್ಥನೆಯಾದ ಮೇಲೆ, ಮುಕ್ತಿಯಲ್ಲಿ ಪವಿತ್ರಾತ್ಮನ ಬೆಂಕಿ ಇಳಿಯಿತು. ಅಜೂಸಾ ಸ್ಟ್ರೀಟ್‌ಗಿಂತ ಒಂದು ವರ್ಷ ಮೊದಲು! ಹಲ್ಲೆಲೂಯ! ನಾವು ಪೆಂತೆಕೊಸ್ತಿನವರು ಇದನ್ನು ಹೇಳಿ ಚಪ್ಪಾಳೆ ಹೊಡೀತೀವಿ. ಆದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀವಿ.

ಕಥೆ ಅಲ್ಲಿಗೆ ಮುಗಿಯಲ್ಲ. ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದರು. ನಮ್ಮ ಗುಲ್ಬರ್ಗಾದಲ್ಲಿ ಮುಕ್ತಿಯವರು ತೆರೆದ ಶಾಲೆಯ ಹೊಣೆಯನ್ನೂ ಹೊತ್ತಿದ್ದರು. ತಾಯಿಯ ನಂತರ ಎಲ್ಲ ನೋಡ್ಕೊಳ್ಳಬೇಕಾದವರು ಅವರೇ. 1921ರ ಜುಲೈಯಲ್ಲಿ, 40 ವರ್ಷಕ್ಕೆ, ಮನೋರಮಾ ತೀರಿಕೊಂಡರು. ತಾಯಿ ಇನ್ನೂ ಇದ್ದರು.

ರಮಾಬಾಯಿಗೆ ನಂಬಿಕೆ ಕಡಿಮೆ ಇತ್ತಾ? ಅಭಿಷೇಕ ಇರಲಿಲ್ವಾ? ಯಾರಿಗೆ ಆ ಮಾತು ಹೇಳೋ ಧೈರ್ಯ ಇದೆ? ಇಬ್ರಿಯ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರೋ ಕೆಲಸದಲ್ಲಿ ಆಕೆ ವರ್ಷಗಟ್ಟಲೆ ಕೂತಿದ್ದರು. ಮಗಳು ಹೋದ ಮೇಲೂ ಆ ಮೇಜಿಗೇ ಮರಳಿದರು. 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು. ಯಾಕೆ ಅನ್ನೋದಕ್ಕೆ ಭೂಮಿಯ ಮೇಲೆ ಉತ್ತರ ಸಿಗಲಿಲ್ಲ. ಆದರೆ ಶಿಲುಬೆಯ ಮೇಲೆ ತಾನೇ ಯಾಕೆ ಅಂತ ಕೂಗಿದ ಒಬ್ಬನ ಕೈ ಬಿಡಲಿಲ್ಲ.

ಪ್ರಿಯರೇ, ನಿಮ್ಮಲ್ಲಿ ಅಳುತ್ತಾ ಬಂದವರು ಇದ್ದೀರಿ, ನನಗೆ ಗೊತ್ತು. ನಿಮ್ಮ ಕಣ್ಣೀರು ಅಪನಂಬಿಕೆ ಅಲ್ಲ. ಲಾಜರನ ಸಮಾಧಿ ಹತ್ತಿರ ಯೇಸುವೂ ಅತ್ತ. ಸಾವು ದೇವರ ವೈರಿ, ಅದಕ್ಕೊಂದು ಕೊನೆ ಇದೆ. ಆ ದಿನದ ತನಕ ಒಬ್ಬರ ಪಕ್ಕ ಒಬ್ಬರು ಕೂರೋಣ.

ಈ ವಾರ ನಾನು ಆ ತಾಯಿಯ ಮನೆಗೆ ಹೋಗ್ತೀನಿ. ಉತ್ತರ ತಗೊಂಡು ಹೋಗಲ್ಲ, ಕ್ಷಮೆ ಕೇಳೋದಕ್ಕೆ ಹೋಗ್ತೀನಿ. ನನಗೋಸ್ಕರ ಪ್ರಾರ್ಥನೆ ಮಾಡಿ.

ಎಲ್ಲರೂ ಎದ್ದು ನಿಲ್ಲೋಣ. ತಂದೆಯೇ, ಸ್ತೋತ್ರ. ನೊಂದವರ ಹತ್ತಿರ ಸುಮ್ಮನೆ ಕೂರೋ ಕೃಪೆ ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.