ದೇವತೆಗಳಿಗೆ ಸೀರೆಯುಡಿಸಿದ ಚಿತ್ರಕಾರ: ರಾಜಾ ರವಿವರ್ಮ

ಕಳೆದ ಮಳೆಗಾಲದಲ್ಲಿ ಒಂದು ದಿನ, ಮಧ್ಯಾಹ್ನದ ವಿರಾಮದ ವೇಳೆಗೆ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದಿದ್ದರು. ವಿಚಾರಿಸಲಾಗಿ, ವಿವಾದದ ವಿಷಯವು ಸೂಪರ್‌ಮ್ಯಾನನ ಕೆಂಪು ಚಡ್ಡಿಯೆಂದು ತಿಳಿದುಬಂದಿತು. ೧೯೩೮ರಲ್ಲಿ ಅಮೇರಿಕೆಯ ಚಿತ್ರಕಥಾ ಪುಸ್ತಕವೊಂದರಲ್ಲಿ ಹುಟ್ಟಿದ ಆ ವೀರನು ನೀಲಿ ಉಡುಪಿನ ಮೇಲೆ ಕೆಂಪು ಚಡ್ಡಿಯನ್ನು ಧರಿಸಿಯೇ ಮೂರು ತಲೆಮಾರುಗಳ ಮಕ್ಕಳ ಮನಸ್ಸನ್ನು ಗೆದ್ದವನು. ೨೦೧೧ರಲ್ಲಿ ಪ್ರಕಾಶಕರು ತಮ್ಮ ಮಾಲಿಕೆಗಳನ್ನೆಲ್ಲ ಒಮ್ಮೆಲೇ ನಿಲ್ಲಿಸಿ, ಮತ್ತೆ ಒಂದನೆಯ ಸಂಚಿಕೆಯಿಂದ ಕಥೆಯನ್ನು ಆರಂಭಿಸಿದಾಗ ಆ ಚಡ್ಡಿಯನ್ನು ತೆಗೆದುಹಾಕಿದರು. ಓದುಗರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ೨೦೧೮ರಲ್ಲಿ ಸಾವಿರದನೆಯ ಸಂಚಿಕೆಯೊಡನೆ ಚಡ್ಡಿಯು ಮರಳಿ ಬಂದಿತು. ಹಳೆಯದೇ ಸರಿಯೆಂದು ಒಬ್ಬನ ವಾದ, ಹೊಸದೇ ಚೆಂದವೆಂದು ಇನ್ನೊಬ್ಬನ ಹಟ. ತೀರ್ಪು ಕೊಡುವ ಯೋಗ್ಯತೆ ನನಗಿರಲಿಲ್ಲ. ಆದುದರಿಂದ ಗೋಡೆಯ ಮೇಲಿದ್ದ ಸರಸ್ವತಿಯ ಚಿತ್ರವನ್ನು ತೋರಿಸಿ, ಈ ತಾಯಿಗೆ ಈ ಬಿಳಿಯ ಸೀರೆಯನ್ನು ಉಡಿಸಿದವರು ಯಾರೆಂದು ಕೇಳಿದೆನು. ಇಬ್ಬರೂ ಸುಮ್ಮನಾದರು. ಆ ಪ್ರಶ್ನೆಗೆ ಉತ್ತರವಾಗಿ ಈ ಜೀವನಚರಿತ್ರೆಯನ್ನು ಬರೆಯುತ್ತಿದ್ದೇನೆ.

ರವಿವರ್ಮರು ೧೮೪೮ನೆಯ ಇಸವಿಯ ಏಪ್ರಿಲ್ ೨೯ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮನೆಯ ಗೋಡೆಗಳ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಿದ್ದರೆಂದೂ, ಬೈಯಬೇಕಾಗಿದ್ದ ಸೋದರಮಾವ ರಾಜರಾಜವರ್ಮರು ಅದನ್ನು ಕಂಡು ತಾವೇ ಪಾಠ ಹೇಳಿಕೊಡಲು ಮೊದಲುಮಾಡಿದರೆಂದೂ ಹೇಳುತ್ತಾರೆ. ಹದಿನಾಲ್ಕನೆಯ ವಯಸ್ಸಿಗೆ ಅವರನ್ನು ತಿರುವನಂತಪುರದ ಅರಮನೆಗೆ ಕರೆತರಲಾಯಿತು. ಅಲ್ಲಿ ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯ ದೊರೆಯಿತು. ಆದರೆ ಗುರುವು ದೊರೆಯಲಿಲ್ಲ. ತೈಲವರ್ಣದ ವಿದ್ಯೆಯನ್ನು ಬಲ್ಲವರು ಅದನ್ನು ಗುಟ್ಟಾಗಿಯೇ ಇಟ್ಟುಕೊಂಡಿದ್ದ ಕಾಲವದು. ೧೮೬೮ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಅರಮನೆಗೆ ಬಂದಾಗ, ಆತನೂ ಕಲಿಸಲೊಪ್ಪದೆ, ತಾನು ಚಿತ್ರ ಬರೆಯುವುದನ್ನು ನೋಡುತ್ತ ನಿಲ್ಲಲು ಮಾತ್ರ ಅನುಮತಿಯಿತ್ತನು. ಇಪ್ಪತ್ತು ವರುಷದ ತರುಣನಿಗೆ ಅಷ್ಟೇ ಸಾಕಾಯಿತು. ಬಣ್ಣವನ್ನು ಎಣ್ಣೆಯಲ್ಲಿ ಹೇಗೆ ಕಲಸಬೇಕು, ಯಾವುದು ಆರಿದ ಮೇಲೆ ಯಾವುದನ್ನು ಹಚ್ಚಬೇಕು ಎಂಬುದನ್ನೆಲ್ಲ ಅವರು ಮುಂದೆ ತಾವೇ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತರು.

೧೮೭೦ರ ಸುಮಾರಿಗೆ ಅವರು ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನ ವ್ರತವನ್ನು ಆಚರಿಸಿದರೆಂದೂ, ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ಮೊದಲ ಬಾರಿಗೆ ಸಂಭಾವನೆಯ ಚಿತ್ರವೊಂದು ದೊರೆಯಿತೆಂದೂ ಚರಿತ್ರಕಾರರು ಬರೆದಿದ್ದಾರೆ. ಕರಾವಳಿಯಿಂದ ಬಂದ ನನಗೆ ಈ ಸಂಗತಿಯು ಹೆಚ್ಚು ಪ್ರಿಯವಾದುದರಿಂದ ಇಲ್ಲಿ ಸೇರಿಸಿದ್ದೇನೆ. ೧೮೭೩ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಮಲ್ಲಿಗೆ ಮುಡಿಯುವ ನಾಯರ್ ಸ್ತ್ರೀಯ ಚಿತ್ರಕ್ಕೆ ಗವರ್ನರರ ಚಿನ್ನದ ಪದಕವು ಲಭಿಸಿತು. ೧೮೭೬ರಲ್ಲಿ ಪ್ರೇಮಪತ್ರ ಬರೆಯುವ ಶಕುಂತಲೆಯ ಚಿತ್ರವನ್ನು ಮದ್ರಾಸಿನ ಗವರ್ನರರೇ ಕೊಂಡರು. ಆಮೇಲೆ ರಾಜಮಹಾರಾಜರ ಆಹ್ವಾನಗಳಿಗೆ ಕೊರತೆಯಾಗಲಿಲ್ಲ.

ಆದರೆ ನಿಜವಾದ ತೊಡಕು ಎದುರಾದುದು ಬರೋಡೆಯ ಸಯಾಜಿರಾವ್ ಗಾಯಕವಾಡರು ರಾಮಾಯಣ ಮಹಾಭಾರತಗಳ ಹದಿನಾಲ್ಕು ಚಿತ್ರಗಳನ್ನು ೧೮೮೮ರಲ್ಲಿ ಬಯಸಿದಾಗ. ಮಹಾರಾಜನ ಭಾವಚಿತ್ರವನ್ನು ಬರೆಯುವಾಗ ಎದುರಿಗೆ ಕುಳಿತವನ ಬಟ್ಟೆಯನ್ನು ನೋಡಿ ಬರೆದರಾಯಿತು. ಸೀತೆ ಏನನ್ನು ಉಟ್ಟಿದ್ದಳು? ದ್ರೌಪದಿಯ ಸೆರಗು ಎಡಕ್ಕೋ ಬಲಕ್ಕೋ? ಯಾರನ್ನು ನೋಡಿ ಬರೆಯುವುದು? ಹಳೆಯ ಶಿಲ್ಪಗಳನ್ನು ಆಶ್ರಯಿಸೋಣವೆಂದರೆ, ಬೇಲೂರು ಹಳೇಬೀಡುಗಳನ್ನು ನೋಡಿದವರಿಗೆ ಗೊತ್ತಿರುವಂತೆ, ಅಲ್ಲಿ ದೇವಿಯರ ಮೈಯ ಮೇಲೆ ಆಭರಣಗಳೇ ಹೆಚ್ಚು, ವಸ್ತ್ರವು ಕಡಿಮೆ. ಒಂದೊಂದು ಪ್ರಾಂತದ ಚಿತ್ರಪಟಗಳಲ್ಲಿ ಒಂದೊಂದು ವೇಷ. ನಮ್ಮೂರ ಬಯಲಾಟದ ದ್ರೌಪದಿಯನ್ನು ಬಂಗಾಳದವನು ಗುರುತಿಸಲಾರನು. ಬಂಗಾಳದ ದುರ್ಗೆಯು ಮಲೆಯಾಳದವನಿಗೆ ಅಪರಿಚಿತೆ.

ಈ ಸಮಸ್ಯೆಯನ್ನು ಬಿಡಿಸುವುದಕ್ಕಾಗಿ ರವಿವರ್ಮರು ತಮ್ಮ ತಮ್ಮನಾದ ಸಿ. ರಾಜರಾಜವರ್ಮರೊಡನೆ ಉತ್ತರದೇಶದ ಯಾತ್ರೆಯನ್ನು ಕೈಗೊಂಡರು. ಪುರಾತನ ಕಾಲದ ಉಡುಗೆಯು ಎಲ್ಲಿಯಾದರೂ ಉಳಿದಿದ್ದೀತೆಂಬುದು ಅವರ ಆಸೆ. ಊರೂರು ತಿರುಗಿದರೂ ಇದೇ ಪ್ರಾಚೀನವೆಂದು ಹೇಳಬಹುದಾದ, ಎಲ್ಲರೂ ಒಪ್ಪಬಹುದಾದ ಉಡುಗೆ ದೊರೆಯಲಿಲ್ಲ. ಕೊನೆಗೆ ಅವರು ತಾವೇ ಒಂದನ್ನು ನಿರ್ಮಿಸಬೇಕಾಯಿತು. ಮಹಾರಾಷ್ಟ್ರ ಮತ್ತು ದಕ್ಷಿಣದ ಸ್ತ್ರೀಯರು ಉಡುವ ಸೀರೆ, ದಕ್ಷಿಣದ ಒಡವೆ, ತಮ್ಮ ನಾಡಿನ ಮುಖಚ್ಛಾಯೆ, ಮುಂಬಯಿಯ ಮರಾಠಿ ಹಾಗೂ ಪಾರ್ಸಿ ನಾಟಕಶಾಲೆಗಳಲ್ಲಿ ಕಂಡ ನಿಲುವು ಮತ್ತು ಕೈಸನ್ನೆ, ಇವನ್ನೆಲ್ಲ ಕೂಡಿಸಿ ಅವರು ದೇವಿಯರನ್ನೂ ರಾಣಿಯರನ್ನೂ ಅಲಂಕರಿಸಿದರು. ಬರೋಡೆಯ ಚಿತ್ರಗಳು ಪ್ರದರ್ಶಿತವಾದಾಗ ಜನರು ಕಿಕ್ಕಿರಿದು ನೆರೆದರು. ಅವುಗಳ ಛಾಯಾಚಿತ್ರಗಳು ದೇಶದ ಉದ್ದಗಲಕ್ಕೂ ಮಾರಾಟವಾದವು. ತಾವು ಎಂದೂ ನೋಡಿರದ ಸೀತೆಯನ್ನು ಜನರು ನೋಡಿದ ಕೂಡಲೆ ಗುರುತಿಸಿದರೆಂಬುದೇ ನನಗೆ ಆಶ್ಚರ್ಯ.

ಅರಮನೆಯ ಗೋಡೆಯ ಮೇಲಿನ ಚಿತ್ರವು ಬಡವನಿಗೆ ದೊರೆಯುವುದು ಹೇಗೆ? ಚಿತ್ರಗಳನ್ನು ಮುದ್ರಿಸಿ ಹಂಚಬೇಕೆಂದು ದಿವಾನ್ ಟಿ. ಮಾಧವರಾಯರು ೧೮೮೪ರಲ್ಲಿಯೇ ಸೂಚಿಸಿದ್ದರು. ಹತ್ತು ವರುಷಗಳ ತರುವಾಯ, ೧೮೯೪ರಲ್ಲಿ, ನಮ್ಮ ಈ ಮುಂಬಯಿಯ ಗಿರಗಾಂವ್‌ನಲ್ಲಿ ರವಿವರ್ಮರ ಮುದ್ರಣಾಲಯವು ಆರಂಭವಾಯಿತು. ಗೋವರ್ಧನದಾಸ ಖಟಾವು ಮಖನ್‌ಜಿ ಎಂಬ ವರ್ತಕರು ಪಾಲುದಾರರಾದರು. ಯಂತ್ರಗಳು ಜರ್ಮನಿಯಿಂದ ಬಂದವು. ಅವನ್ನು ನಡೆಯಿಸಲು ಜರ್ಮನ್ ಕುಶಲಿಗಳೂ ಬಂದರು. ದೇವರ ಚಿತ್ರಗಳನ್ನು ಅಚ್ಚುಹಾಕಿದವರಲ್ಲಿ ಅವರೇ ಮೊದಲಿಗರಲ್ಲ. ಪುಣೆಯ ಚಿತ್ರಶಾಲಾ ಮುದ್ರಣಾಲಯವೂ ಕಲಕತ್ತೆಯ ಮುದ್ರಕರೂ ಮೊದಲೇ ಆ ಕಾರ್ಯದಲ್ಲಿದ್ದರು. ಆದರೆ ಅವಾವುವೂ ಈ ಮಟ್ಟವನ್ನು ಮುಟ್ಟಿರಲಿಲ್ಲ.

ಆ ಮುದ್ರಣದ ಕ್ರಮವನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳತಕ್ಕದ್ದು. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ಬರೆದು, ಕಲ್ಲನ್ನು ನೀರಿನಿಂದ ತೋಯಿಸುತ್ತಾರೆ. ಜಿಡ್ಡಿಗೂ ನೀರಿಗೂ ಹೊಂದಿಕೆಯಿಲ್ಲವಷ್ಟೆ? ಆದುದರಿಂದ ಬಣ್ಣದ ಉರುಳೆಯನ್ನು ಉರುಳಿಸಿದಾಗ ಗೆರೆಯಿದ್ದಲ್ಲಿ ಮಾತ್ರ ಬಣ್ಣವು ಹಿಡಿಯುತ್ತದೆ, ಒದ್ದೆಯಾದಲ್ಲಿ ಹಿಡಿಯುವುದಿಲ್ಲ. ಒಂದು ಬಣ್ಣಕ್ಕೆ ಒಂದು ಕಲ್ಲು. ಸರಸ್ವತಿಯ ಕೆನ್ನೆಯ ತೆಳುಗೆಂಪಿಗೆ ಒಂದು, ನವಿಲಿನ ನೀಲಿಗೆ ಇನ್ನೊಂದು, ನೆರಳಿಗೆ ಮತ್ತೊಂದು, ಹೀಗೆ ಒಂದೇ ಕಾಗದವು ಅನೇಕ ಕಲ್ಲುಗಳ ಮೇಲೆ ಹಾದುಹೋಗಬೇಕು. ಕಾಗದವು ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯು ತುಟಿಯಲ್ಲಿರದೆ ಗಲ್ಲಕ್ಕೆ ಜಾರುವುದು. ಅವಸರಕ್ಕೆ ಅಲ್ಲಿ ಎಡೆಯಿಲ್ಲ.

ಮೊದಲು ಹೊರಬಂದುದು ಶಕುಂತಲೆಯ ಜನನದ ಚಿತ್ರ. ಅದರ ಬೆನ್ನಿಗೆ ಲಕ್ಷ್ಮಿ, ಸರಸ್ವತಿಯರು ಬಂದರು. ತಾವರೆಯ ಮೇಲೆ ನಿಂತ ಲಕ್ಷ್ಮಿ, ನೀರಿನ ದಡದ ಬಂಡೆಯ ಮೇಲೆ ವೀಣೆ ಹಿಡಿದು ಕುಳಿತ ಸರಸ್ವತಿ. ನಾವು ಕಣ್ಣುಮುಚ್ಚಿ ನೆನೆದಾಗ ತೋರುವ ರೂಪಗಳು ಇವೇ. ದೇವಾಲಯದ ಬಾಗಿಲು ಮುಚ್ಚಿದ್ದ ಎಷ್ಟೋ ಜನರ ಮನೆಗೆ ದೇವಿಯೇ ಕಾಗದದಲ್ಲಿ ನಡೆದು ಬಂದಳು. ಚಾಳಿನ ಒಂದೇ ಕೋಣೆಯಲ್ಲಿ ಬದುಕುವ ಸಂಸಾರಕ್ಕೆ ಮೊಳೆಯೊಂದೇ ಗರ್ಭಗುಡಿಯಾಯಿತು. ಕೆಲವರು ಆ ಪಟಗಳಿಗೆ ಜರಿಯನ್ನೂ ಮಿನುಗುಬಿಲ್ಲೆಗಳನ್ನೂ ಹೊಲಿದು, ಚಿತ್ರದ ಸೀರೆಯ ಮೇಲೆ ನಿಜವಾದ ಸೀರೆಯನ್ನು ತೊಡಿಸಿದರು.

ಇಷ್ಟಾದರೂ ವ್ಯಾಪಾರದಲ್ಲಿ ಲಾಭವು ಕಾಣಲಿಲ್ಲ. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಹುಟ್ಟಿಕೊಂಡಿತು. ಕೆಲಸಗಾರರು ಊರು ಬಿಟ್ಟು ಓಡಿದರು. ಮುದ್ರಣಾಲಯವನ್ನು ಘಾಟ್ಕೋಪರಿಗೂ, ೧೮೯೯ರಲ್ಲಿ ಲೋಣಾವಳೆಯ ಬಳಿಯ ಮಳವಲಿಗೂ ಸಾಗಿಸಲಾಯಿತು. ಸಾಲವು ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದ ವರುಷಗಳಲ್ಲಿ ರವಿವರ್ಮರು ಮುದ್ರಣಾಲಯವನ್ನು ತಮ್ಮ ಜರ್ಮನ್ ಕುಶಲಿಯಾದ ಫ್ರಿಟ್ಜ್ ಶ್ಲೈಶರನಿಗೆ ಮಾರಿದರು. ಚಿತ್ರಗಳನ್ನು ಅಚ್ಚುಹಾಕುವ ಹಕ್ಕೂ ಅದರೊಡನೆ ಹೋಯಿತು. ಶ್ಲೈಶರನು ವ್ಯವಹಾರ ಬಲ್ಲವನು. ಅಗ್ಗದ ಪ್ರತಿಗಳು, ಚಿಕ್ಕ ಕಾರ್ಡುಗಳು, ಬಟ್ಟೆಯ ಗಿರಣಿಗಳ ಚೀಟಿಗಳು, ಜಾಹೀರಾತಿನ ಪಂಚಾಂಗಗಳು ಸಾವಿರ ಸಾವಿರವಾಗಿ ಹೊರಬಿದ್ದವು. ಎಂ. ವಿ. ಧುರಂಧರರಂತಹ ಒಳ್ಳೆಯ ಕಲಾವಿದರೂ ಅಲ್ಲಿಗೆ ಚಿತ್ರ ಬರೆದುಕೊಟ್ಟರೆಂಬುದು ನಿಜ. ಆದರೆ ಬೇರೆ ಬೇರೆ ಊರುಗಳ ಮುದ್ರಕರು ನಕಲಿನ ಮೇಲೆ ನಕಲು ತೆಗೆದು, ಮುಖವನ್ನು ದುಂಡಗೆ ಮಾಡಿ, ಬಣ್ಣವನ್ನು ಕಡುವಾಗಿಸಿ, ಇದ್ದ ದೇವಿಯನ್ನೇ ಹೊಸ ದೇವಿಯೆಂದು ಮಾರಿದರು. ಆ ಕೆಟ್ಟ ನಕಲುಗಳನ್ನು ನೋಡಿ ಮೂಲವನ್ನು ಹಳಿದವರು ಇಂದಿಗೂ ಇದ್ದಾರೆ.

ಅವರ ಮೇಲೆ ಗಂಭೀರವಾದ ಆಕ್ಷೇಪಗಳು ಬಾರದಿರಲಿಲ್ಲ. ದೇವತೆಗಳನ್ನು ನಾಟಕದ ಪಾತ್ರಗಳಂತೆ ಬರೆದರೆಂದೂ, ವಿಷಯ ನಮ್ಮದಾದರೂ ಭಾವವು ಪರದೇಶದ್ದೆಂದೂ ಆನಂದ ಕುಮಾರಸ್ವಾಮಿಯವರು ಹೇಳಿದರು. ನೆಲದ ಮೇಲೆ ಮೈಚಾಚಿ ಪತ್ರ ಬರೆಯುವ ಶಕುಂತಲೆಯ ಭಂಗಿಯು ಮರ್ಯಾದಸ್ಥರ ಮನೆಯಲ್ಲಿ ತೂಗುಹಾಕಲು ತಕ್ಕುದಲ್ಲವೆಂದು ಸೋದರಿ ನಿವೇದಿತಾ ಬೇಸರಪಟ್ಟರು. ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರು ತೈಲವರ್ಣದ ಹಾದಿಯನ್ನೇ ಬಿಟ್ಟು, ೧೯೦೫ರಲ್ಲಿ ತೆಳುವಾದ ಜಲವರ್ಣದಲ್ಲಿ ಭಾರತಮಾತೆಯನ್ನು ಚಿತ್ರಿಸಿದರು. ಈ ಆಕ್ಷೇಪಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಹಳೇಬೀಡಿನ ಕುಣಿಯುವ ಸರಸ್ವತಿಯಲ್ಲಿರುವ ಬಲವು ರವಿವರ್ಮರ ಸರಸ್ವತಿಯಲ್ಲಿಲ್ಲ. ಇವಳು ನಮ್ಮ ಮನೆಯ ದೊಡ್ಡಕ್ಕನಂತೆ ಇದ್ದಾಳೆ. ಆದರೆ ಮಗುವು ಪರೀಕ್ಷೆಯ ಮುಂಜಾನೆ ಕೈಮುಗಿಯುವುದು ದೊಡ್ಡಕ್ಕನಿಗೇ. ನನ್ನ ಮಟ್ಟಿಗೆ ನಾನು ಎರಡನ್ನೂ ಬಿಡಲಾರೆನು. ಕೋಟ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದ ಪ್ರಯೋಗವನ್ನು ಕುರಿತು ನಮ್ಮ ಮನೆಯ ಜಗಲಿಯಲ್ಲಿ ಹಿರಿಯರು ವರುಷಗಟ್ಟಲೆ ವಾದಿಸಿದುದನ್ನು ಕೇಳಿ ಬೆಳೆದವನಾದ್ದರಿಂದ, ಇಂತಹ ವಾದಗಳು ಮುಗಿಯತಕ್ಕವಲ್ಲವೆಂದು ಬಲ್ಲೆ.

ರವಿವರ್ಮರ ಕೊನೆಯ ವರುಷಗಳು ಸುಖಕರವಾಗಿರಲಿಲ್ಲ. ೧೯೦೪ರಲ್ಲಿ ಕೈಸರ್-ಇ-ಹಿಂದ್ ಪದಕದ ಗೌರವವು ಸಂದಿತು; ೧೯೦೫ರ ಜನವರಿಯಲ್ಲಿ ತಮ್ಮ ರಾಜರಾಜವರ್ಮರು ತೀರಿಕೊಂಡರು. ಯಾತ್ರೆಯಲ್ಲಿ, ಲೆಕ್ಕಪತ್ರದಲ್ಲಿ, ಚಿತ್ರದ ಹಿನ್ನೆಲೆಯ ಬೆಟ್ಟ ನದಿಗಳನ್ನು ಬರೆಯುವುದರಲ್ಲಿ ಬಲಗೈಯಾಗಿದ್ದ ತಮ್ಮನು ಅವರು. ಆ ದುಃಖದಲ್ಲಿಯೇ ರವಿವರ್ಮರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಚಿತ್ರಗಳನ್ನು ಬರೆದು ಒಪ್ಪಿಸಿದರು. ಅವರ ಮೂಲಚಿತ್ರಗಳ ಒಂದು ಸಂಗ್ರಹವು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ೧೯೦೬ರ ಅಕ್ಟೋಬರ್ ೨ರಂದು, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ಕಿಳಿಮಾನೂರಿನಲ್ಲಿ ಕಾಲವಾದರು.

ಅವರ ಮುದ್ರಣಾಲಯದಲ್ಲಿ ಕೆಲವು ಕಾಲ ದುಡಿದ ಧುಂಡಿರಾಜ ಗೋವಿಂದ ಫಾಳಕೆಯವರು ೧೯೧೩ರಲ್ಲಿ ರಾಜಾ ಹರಿಶ್ಚಂದ್ರ ಚಲಚ್ಚಿತ್ರವನ್ನು ತೆಗೆದರು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಅನಂತ ಪೈಗಳು ೧೯೬೭ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಪುಟಗಳಲ್ಲಿಯೂ ಆ ಸೀರೆ, ಆ ಕಿರೀಟಗಳ ಛಾಯೆ ಕಾಣುವುದು.

ಮಳವಲಿಯ ಮುದ್ರಣಾಲಯವು ೧೯೭೨ರಲ್ಲಿ ಬೆಂಕಿಗೆ ತುತ್ತಾಯಿತು. ಪುಣೆಯ ಕಡೆಗೆ ಹೋಗುವ ಗಾಡಿಯಲ್ಲಿ ಲೋಣಾವಳೆಯನ್ನು ದಾಟಿದೊಡನೆ ಆ ಚಿಕ್ಕ ನಿಲ್ದಾಣವು ಬರುತ್ತದೆ. ಕಾರ್ಲೆಯ ಗುಹೆಗಳನ್ನು ನೋಡಹೋಗುವವರು ಇಳಿಯುವುದೂ ಅಲ್ಲಿಯೇ. ಆ ಗುಹೆಯ ಬಾಗಿಲಲ್ಲಿ ಎರಡು ಸಾವಿರ ವರುಷಗಳಷ್ಟು ಹಳೆಯ ದಂಪತಿಗಳ ಶಿಲ್ಪಗಳಿವೆ. ಮೈಮೇಲೆ ಒಡವೆಗಳುಂಟು, ತಲೆಯ ಮೇಲೆ ಅಲಂಕಾರವುಂಟು, ಸೀರೆ ಮಾತ್ರ ಇಲ್ಲ. ಅವರಿಂದ ಕೆಲವೇ ಮೈಲಿಗಳ ದೂರದಲ್ಲಿ ರವಿವರ್ಮರ ಕಲ್ಲುಗಳು ಒಂದರ ನಂತರ ಒಂದು ಬಣ್ಣವನ್ನೊತ್ತಿ ಲಕ್ಷ್ಮಿಗೆ ಸೀರೆಯುಡಿಸುತ್ತಿದ್ದವು. ಈ ಬಾರಿಯ ಶಾಲಾ ಪ್ರವಾಸವನ್ನು ಕಾರ್ಲೆಗೆ ಇಟ್ಟುಕೊಂಡಿದ್ದೇವೆ. ಆ ಇಬ್ಬರು ಹುಡುಗರೂ ಹೆಸರು ಕೊಟ್ಟಿದ್ದಾರೆ.